ಒಂದು ದ್ವೀಪ, ಐದು ಪ್ರಶ್ನೆ: ಭೂಗೋಳ ಪಾಠದ ಮೂಲ ವಿಷಯಗಳು

ಭೂಗೋಳ ಅಂದರೆ ಹೆಸರುಗಳ ಪಟ್ಟಿ ಅಂತಲೇ ಬಹಳ ಮಕ್ಕಳು ತಿಳಿದಿರುತ್ತಾರೆ. ರಾಜಧಾನಿ ಯಾವುದು, ಉದ್ದದ ನದಿ ಯಾವುದು, ಎತ್ತರದ ಶಿಖರ ಯಾವುದು. ಪರೀಕ್ಷೆ ಮುಗಿದ ವಾರದಲ್ಲೇ ಅರ್ಧ ಮರೆತುಹೋಗುತ್ತದೆ. ಮರೆತರೂ ದೊಡ್ಡ ನಷ್ಟವೇನಿಲ್ಲ, ಫೋನಿನಲ್ಲಿ ಹುಡುಕಿದರೆ ಸಿಗುತ್ತದೆ. ಹಾಗೆ ಸುಲಭಕ್ಕೆ ಸಿಗದ ಸಂಗತಿಗಳು ಬೇರೆ ಇವೆ. ಈ ಬಂದರು ಒಂದು ಕಾಲಕ್ಕೆ ಮೆರೆದು ಆಮೇಲೆ ಯಾಕೆ ಸೊರಗಿತು? ಒಂದೇ ಅಕ್ಷಾಂಶದಲ್ಲಿರುವ ಎರಡು ಊರುಗಳಲ್ಲಿ ಒಂದು ಚಳಿ, ಒಂದು ಬೆಚ್ಚಗೆ ಯಾಕೆ? ಹತ್ತಿ ಬೆಳೆಯಲು ನೀರು ತಿರುಗಿಸಿದರೆ ದೂರದ ಮೀನುಗಾರ ಯಾಕೆ ಊರು ಬಿಡಬೇಕಾಯಿತು? ಭೂಗೋಳ ಪಾಠದ ಜೀವ ಇರುವುದು ಇಂಥ ಪ್ರಶ್ನೆಗಳಲ್ಲಿ.

ಇಂಥ ಪ್ರಶ್ನೆಗಳನ್ನು ತರಗತಿಗೆ ತರುವುದು ಹೇಗೆ ಅನ್ನುವುದಕ್ಕೆ 1984ರಲ್ಲಿ ಅಮೆರಿಕದಲ್ಲಿ ಒಂದು ಮಾರ್ಗಸೂಚಿ ಬಂತು. ಅಲ್ಲಿನ ಭೂಗೋಳತಜ್ಞರ ಸಂಘ ಮತ್ತು ಭೂಗೋಳ ಶಿಕ್ಷಣದ ರಾಷ್ಟ್ರೀಯ ಮಂಡಳಿ ಸೇರಿ ಅದನ್ನು ಹೊರತಂದವು. ಶಾಲೆಯ ಭೂಗೋಳವನ್ನೆಲ್ಲ ಐದು ಮೂಲ ವಿಷಯಗಳ ಸುತ್ತ ಕಟ್ಟಬಹುದು ಅನ್ನುವುದು ಅದರ ತಿರುಳು. ಆ ಐದು: ಸ್ಥಾನ, ಸ್ಥಳ, ಮನುಷ್ಯ ಮತ್ತು ಪರಿಸರದ ನಂಟು, ಚಲನೆ, ಪ್ರದೇಶ. 1992ರಲ್ಲಿ ಅಂತಾರಾಷ್ಟ್ರೀಯ ಭೂಗೋಳ ಒಕ್ಕೂಟ ಭೂಗೋಳ ಶಿಕ್ಷಣದ ಸನ್ನದು ಪ್ರಕಟಿಸಿದಾಗ ಅದರಲ್ಲೂ ಹೆಚ್ಚುಕಡಿಮೆ ಇವೇ ಐದು ಕಾಣಿಸಿಕೊಂಡವು. ಹೀಗೆ ಇವು ಅಮೆರಿಕದ ಗಡಿ ದಾಟಿ ಬೇರೆ ಕಡೆಯ ಪಠ್ಯಪುಸ್ತಕಗಳಿಗೂ ಬಂದವು.

ಪಠ್ಯಪುಸ್ತಕಕ್ಕೆ ಬಂದಾಗ ಒಂದು ಎಡವಟ್ಟೂ ಆಯಿತು. ಐದಕ್ಕೂ ಬೇರೆಬೇರೆ ಉದಾಹರಣೆ, ಬೇರೆಬೇರೆ ಚಿತ್ರ, ಕೊನೆಗೆ 'ಐದು ಮೂಲ ವಿಷಯಗಳನ್ನು ಹೆಸರಿಸಿ' ಎಂಬ ಐದು ಅಂಕದ ಪ್ರಶ್ನೆ. ಹೆಸರುಗಳ ಪಟ್ಟಿಯಿಂದ ಬಿಡಿಸಿಕೊಳ್ಳಲು ಹೊರಟು ಇನ್ನೊಂದು ಪಟ್ಟಿ ಮಾಡಿಕೊಂಡ ಹಾಗಾಯಿತು. ನನ್ನ ಮಟ್ಟಿಗೆ ಇವು ಒಂದೇ ಜಾಗವನ್ನು ಕೇಳುವ ಐದು ಪ್ರಶ್ನೆಗಳು. ಎಲ್ಲಿದೆ? ಅಲ್ಲಿ ಹೇಗಿದೆ? ಅಲ್ಲಿನ ಜನ ನೆಲ, ನೀರು, ಗಾಳಿಯ ಜೊತೆ ಹೇಗೆ ಬದುಕಿದ್ದಾರೆ? ಅಲ್ಲಿಗೆ ಏನು ಬರುತ್ತದೆ, ಅಲ್ಲಿಂದ ಏನು ಹೋಗುತ್ತದೆ? ಅದನ್ನು ಯಾವುದರ ಜೊತೆ ಸೇರಿಸಿ ನೋಡಬೇಕು? ಒಂದಕ್ಕೆ ಉತ್ತರ ಹುಡುಕುವಾಗ ಮುಂದಿನದು ತಾನಾಗಿ ಎದುರಾಗುತ್ತದೆ.

ಅದಕ್ಕೇ ಇಲ್ಲಿ ಒಂದು ಜಾಗವನ್ನು ಹಿಡಿದು ಕೊನೆವರೆಗೂ ಹೋಗೋಣ. ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಸೇಂಟ್ ಹೆಲೆನಾ ಅನ್ನುವ ದ್ವೀಪವಿದೆ. ವಿಸ್ತೀರ್ಣ ಸುಮಾರು 122 ಚದರ ಕಿಲೋಮೀಟರ್. ಜನಸಂಖ್ಯೆ ನಾಲ್ಕೂವರೆ ಸಾವಿರದ ಆಸುಪಾಸು. ಇಷ್ಟು ಚಿಕ್ಕ ಜಾಗವಾದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಪಾಠಕ್ಕೆ ಅನುಕೂಲ. ಬೇಕಾದಲ್ಲಿ ಬೇರೆ ಜಾಗಗಳಿಗೂ ಹೋಗಿ ಬರೋಣ.

ಎಲ್ಲಿದೆ?

ಈ ಪ್ರಶ್ನೆಗೆ ಎರಡು ಬಗೆಯ ಉತ್ತರ ಇದೆ. ಮೊದಲನೆಯದು ನಿಖರ ಸ್ಥಾನ. ಸೇಂಟ್ ಹೆಲೆನಾ ಸುಮಾರು 16 ಡಿಗ್ರಿ ದಕ್ಷಿಣ ಅಕ್ಷಾಂಶ, 5.7 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ. ಈ ಎರಡು ಅಂಕಿ ಕೊಟ್ಟರೆ ಭೂಮಿಯ ಮೇಲೆ ಇನ್ಯಾವ ಜಾಗದ ಜೊತೆಗೂ ಅದು ಗೊಂದಲವಾಗುವುದಿಲ್ಲ.

ಅಂಕಿಗಳನ್ನು ಸುಮ್ನೆ ಬರೆಸಿ ಮುಂದೆ ಹೋಗಬಾರದು. ಅವುಗಳಿಂದ ಏನೇನು ಹೊರಡುತ್ತದೆ ಅಂತ ಲೆಕ್ಕ ಹಾಕಿಸಬೇಕು. ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿಲೋಮೀಟರ್. 16 ಡಿಗ್ರಿ ಅಂದರೆ ಈ ದ್ವೀಪ ಸಮಭಾಜಕ ವೃತ್ತದಿಂದ ಹತ್ತಿರಹತ್ತಿರ 1,780 ಕಿಲೋಮೀಟರ್ ದಕ್ಷಿಣಕ್ಕಿದೆ. ರೇಖಾಂಶ ಇನ್ನೂ ಮಜವಾದದ್ದು, ಅದು ಸಮಯವನ್ನೂ ಹೇಳುತ್ತದೆ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಹಾಗಾದರೆ 5.7 ಡಿಗ್ರಿ ಪಶ್ಚಿಮದಲ್ಲಿ ಸೂರ್ಯ ನೆತ್ತಿಗೆ ಬರುವುದು ಗ್ರೀನಿಚ್‌ಗಿಂತ ಸುಮಾರು 23 ನಿಮಿಷ ತಡವಾಗಿ.

ಅಕ್ಷಾಂಶದ ಸೊನ್ನೆಯನ್ನು ಭೂಮಿಯೇ ಕೊಟ್ಟಿದೆ. ಎರಡು ಧ್ರುವಗಳ ನಟ್ಟನಡುವೆ ಹಾದುಹೋಗುವ ಗೆರೆ ಒಂದೇ. ರೇಖಾಂಶಕ್ಕೆ ಅಂಥ ಸಹಜ ಸೊನ್ನೆ ಇಲ್ಲ, ಮನುಷ್ಯರೇ ಕೂತು ತೀರ್ಮಾನ ಮಾಡಬೇಕಾಯಿತು. 1884ರಲ್ಲಿ ವಾಷಿಂಗ್ಟನ್‌ನಲ್ಲಿ 25 ದೇಶಗಳ ಪ್ರತಿನಿಧಿಗಳು ಸೇರಿದರು. ಲಂಡನ್ನಿನ ಗ್ರೀನಿಚ್ ಮೂಲಕ ಹೋಗುವ ರೇಖೆಗೆ 22 ದೇಶಗಳು ಒಪ್ಪಿದವು. ಒಂದು ದೇಶ ವಿರೋಧಿಸಿತು. ಫ್ರಾನ್ಸ್ ಮತ್ತು ಬ್ರೆಜಿಲ್ ಮತ ಹಾಕಲಿಲ್ಲ. ಗ್ರೀನಿಚ್ಚೇ ಯಾಕೆ? ಆ ಹೊತ್ತಿಗಾಗಲೇ ಜಗತ್ತಿನ ಬಹುಪಾಲು ಹಡಗುಗಳು ಗ್ರೀನಿಚ್ ಆಧಾರದ ನಕ್ಷೆಗಳನ್ನು, ಚಂದ್ರ, ನಕ್ಷತ್ರಗಳ ಸ್ಥಾನ ಹೇಳುವ ಆಕಾಶದ ಪಟ್ಟಿಗಳನ್ನು ಬಳಸುತ್ತಿದ್ದವು. ಆ ಪಟ್ಟಿಗಳನ್ನು 1767ರಿಂದ ಪ್ರಕಟಿಸಿದವನು ಇಂಗ್ಲೆಂಡಿನ ಖಗೋಳತಜ್ಞ ನೆವಿಲ್ ಮ್ಯಾಸ್ಕಲಿನ್. ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವುದನ್ನು ನೋಡಲು ಅವನು 1761ರಲ್ಲಿ ನಮ್ಮ ಇದೇ ದ್ವೀಪಕ್ಕೆ ಹೋಗಿದ್ದ. ಮೋಡ ಕವಿದು ನೋಡಲಾಗಲಿಲ್ಲ. ಆದರೆ ಹೋಗುವ ದಾರಿಯಲ್ಲಿ ಚಂದ್ರನ ಸ್ಥಾನ ನೋಡಿ ರೇಖಾಂಶ ಲೆಕ್ಕ ಹಾಕುವ ವಿಧಾನವನ್ನು ಪರೀಕ್ಷಿಸಿದ. ಸೊನ್ನೆ ರೇಖೆ ಗ್ರೀನಿಚ್‌ಗೆ ಹೋಗಿ ಕೂತಿದ್ದರ ಹಿಂದೆ ಇಂಥ ಸಮುದ್ರಯಾನಗಳ ಪಾಲೂ ಇದೆ.

ಎರಡನೆಯ ಉತ್ತರ ಸಾಪೇಕ್ಷ ಸ್ಥಾನ. ಅಂದರೆ ಬೇರೆ ಜಾಗಗಳಿಗೆ ಹೋಲಿಸಿದರೆ ಎಲ್ಲಿದೆ, ಯಾವ ದಾರಿಯಲ್ಲಿದೆ, ಯಾರಿಗೆ ಹತ್ತಿರ, ಯಾರಿಗೆ ದೂರ. ಐದರಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಇದೇ. ನಿಖರ ಸ್ಥಾನ ಬದಲಾಗುವುದಿಲ್ಲ, ಸಾಪೇಕ್ಷ ಸ್ಥಾನ ಬದಲಾಗುತ್ತಲೇ ಇರುತ್ತದೆ.

ಸೇಂಟ್ ಹೆಲೆನಾದಿಂದ ಆಫ್ರಿಕಾದ ಕರಾವಳಿಗೆ ಸುಮಾರು 1,900 ಕಿಲೋಮೀಟರ್. ನಕ್ಷೆಯಲ್ಲಿ ನೋಡಿದರೆ ಇದು ಎಲ್ಲಿಗೂ ಸೇರದ ಮೂಲೆ ಅನಿಸುತ್ತದೆ. ಹಾಯಿ ಹಡಗಿನ ಕಾಲದಲ್ಲಿ ಹಾಗಿರಲಿಲ್ಲ. ಏಷ್ಯಾದಿಂದ ಯುರೋಪಿಗೆ ಮರಳುವ ಹಡಗುಗಳು ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿ ಬರಬೇಕಿತ್ತು. ಅಲ್ಲಿಂದ ಮುಂದೆ ಆಗ್ನೇಯದಿಂದ ಬೀಸುವ ವಾಣಿಜ್ಯ ಮಾರುತ ಅವನ್ನು ಹಿಂದಿನಿಂದ ತಳ್ಳುತ್ತಿತ್ತು. ಆ ಗಾಳಿಯ ದಾರಿಯಲ್ಲೇ ಈ ದ್ವೀಪ ಸಿಗುತ್ತದೆ. ತಿಂಗಳುಗಟ್ಟಲೆ ನೀರಿನ ಮೇಲಿದ್ದ ನಾವಿಕರಿಗೆ ಸಿಹಿನೀರು, ಹಣ್ಣು, ಮಾಂಸ ಸಿಗುವ ತಂಗುದಾಣ. ಯುರೋಪಿನಿಂದ ಹೊರಡುವ ಹಡಗುಗಳಿಗೆ ಮಾತ್ರ ಇದರಿಂದ ಅಷ್ಟು ಉಪಯೋಗವಿರಲಿಲ್ಲ. ಅದೇ ಗಾಳಿ ಎದುರಾಗುತ್ತಿದ್ದುದರಿಂದ ಅವು ಪಶ್ಚಿಮಕ್ಕೆ, ಬ್ರೆಜಿಲ್ ಕಡೆಗೆ ಸರಿದು ಹೋಗುತ್ತಿದ್ದವು. ಒಂದೇ ದ್ವೀಪ ಬರುವವರಿಗೆ ಹತ್ತಿರ, ಹೋಗುವವರಿಗೆ ದೂರ. ದೂರವನ್ನು ಕಿಲೋಮೀಟರ್‌ನಲ್ಲಷ್ಟೇ ಅಳೆದರೆ ಇದು ಅರ್ಥವಾಗುವುದೇ ಇಲ್ಲ, ಅಲ್ವಾ?

1869ರಲ್ಲಿ ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಲಂಡನ್ ಮತ್ತು ಮುಂಬೈ ನಡುವಿನ ಸಮುದ್ರದ ದಾರಿ ಸುಮಾರು ಶೇ 40ರಷ್ಟು ಕಡಿಮೆಯಾಯಿತು. ಜೊತೆಗೆ ಉಗಿ ಹಡಗುಗಳು ಬಂದು ಗಾಳಿಯ ಹಂಗು ತಪ್ಪಿತು. ಸೇಂಟ್ ಹೆಲೆನಾಕ್ಕೆ 1855ರಲ್ಲಿ ಸುಮಾರು 1,100 ಹಡಗುಗಳು ಬಂದಿದ್ದವು. 1889ಕ್ಕೆ ಅದು 288ಕ್ಕೆ ಇಳಿಯಿತು. ದ್ವೀಪ ಒಂದಿಂಚೂ ಕದಲಿರಲಿಲ್ಲ. ಸಾವಿರಾರು ಕಿಲೋಮೀಟರ್ ಆಚೆ ಯಾರೋ ಕಾಲುವೆ ತೋಡಿದ್ದರಿಂದ ಅದು ಹೆದ್ದಾರಿಯ ಬದಿಯಿಂದ ಮೂಲೆಗೆ ಸರಿಯಿತು. 1914ರಲ್ಲಿ ಪನಾಮಾ ಕಾಲುವೆ ತೆರೆದಾಗ ಚಿಲಿ ದೇಶದ ವಾಲ್ಪರೈಸೊ ಬಂದರಿಗೂ ಇದೇ ಗತಿ ಬಂತು.

ಸಾಪೇಕ್ಷ ಸ್ಥಾನ ಎಷ್ಟು ದೊಡ್ಡ ಸಂಗತಿ ಅನ್ನುವುದಕ್ಕೆ ನೆಪೋಲಿಯನ್ ಕಥೆ ಹೇಳಬಹುದು. ಅವನನ್ನು ಮೊದಲು ಎಲ್ಬಾ ದ್ವೀಪದಲ್ಲಿ ಇಟ್ಟಿದ್ದರು. ಅದು ಇಟಲಿಯ ತೀರದಿಂದ ಹತ್ತೇ ಕಿಲೋಮೀಟರ್ ದೂರ. 1815ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಮತ್ತೆ ಫ್ರಾನ್ಸಿನ ಅಧಿಕಾರ ಹಿಡಿದ. ವಾಟರ್‌ಲೂನಲ್ಲಿ ಸೋತ ಮೇಲೆ ಬ್ರಿಟಿಷರು ಅವನನ್ನು ಸೇಂಟ್ ಹೆಲೆನಾಕ್ಕೆ ಕಳಿಸಿದರು. ಸಾಲದೆಂದು ಸುಮಾರು 1,300 ಕಿಲೋಮೀಟರ್ ದೂರದ ಅಸೆನ್ಷನ್ ದ್ವೀಪದಲ್ಲೂ ಕಾವಲು ಹಾಕಿದರು. 1821ರಲ್ಲಿ ಅವನು ಸತ್ತದ್ದು ಸೇಂಟ್ ಹೆಲೆನಾದಲ್ಲೇ. ಎರಡೂ ದ್ವೀಪಗಳೇ, ಎರಡರ ಸುತ್ತಲೂ ನೀರೇ. ವ್ಯತ್ಯಾಸ ಇದ್ದದ್ದು ಸುತ್ತಮುತ್ತ ಏನಿದೆ ಅನ್ನುವುದರಲ್ಲಿ.

ಅಲ್ಲಿ ಹೇಗಿದೆ?

ಇದು ಎರಡನೆಯ ವಿಷಯ, ಸ್ಥಳ. ಮಕ್ಕಳು ಸ್ಥಾನ ಮತ್ತು ಸ್ಥಳ ಎರಡನ್ನೂ ಕಲಸಿಬಿಡುತ್ತಾರೆ. ದೊಡ್ಡವರೂ ಅಷ್ಟೇ. ಗೊಂದಲ ಬಿಡಿಸಲು ಒಂದು ದಾರಿ: ಒಂದೇ ಅಕ್ಷಾಂಶದ ಎರಡು ಜಾಗಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು. ಬೊಲಿವಿಯಾದ ಲಾ ಪಾಜ್ ನಗರವೂ 16 ಡಿಗ್ರಿ ದಕ್ಷಿಣದ ಹತ್ತಿರವೇ ಇದೆ. ಅದು ಸಮುದ್ರ ಮಟ್ಟದಿಂದ 3,600 ಮೀಟರ್ ಎತ್ತರದಲ್ಲಿ, ಆಂಡೀಸ್ ಪರ್ವತಗಳ ನಡುವೆ ಇರುವ ಊರು. ಉಷ್ಣವಲಯದ ಒಳಗಿದ್ದೂ ಅಲ್ಲಿ ರಾತ್ರಿ ಕೊರೆಯುವ ಚಳಿ. ಸೇಂಟ್ ಹೆಲೆನಾ ಸಮುದ್ರದ ನಡುವೆ ಇದೆ, ಸದಾ ಗಾಳಿ ಬೀಸುತ್ತದೆ. ಹಾಗಾಗಿ ಅಲ್ಲಿ ವಿಪರೀತ ಸೆಖೆಯೂ ಇಲ್ಲ, ವಿಪರೀತ ಚಳಿಯೂ ಇಲ್ಲ. ಅಕ್ಷಾಂಶ ಒಂದೇ, ಸ್ಥಳ ಬೇರೆ.

ಸ್ಥಳದ ಗುರುತುಗಳಲ್ಲಿ ಒಂದಿಷ್ಟು ಪ್ರಕೃತಿ ಕೊಟ್ಟವು. ಸೇಂಟ್ ಹೆಲೆನಾ ಜ್ವಾಲಾಮುಖಿಯಿಂದ ಎದ್ದ ದ್ವೀಪ. ಅಂಚಿನಲ್ಲಿ ಕಡಿದಾದ, ಒಣ ಬಂಡೆಗಳು. ಒಳಗೆ ಹೋದಂತೆ ಹಸಿರು ಗುಡ್ಡ. ಎತ್ತರದ ಶಿಖರ ಸುಮಾರು 820 ಮೀಟರ್, ಅದಕ್ಕೆ ಆಗಾಗ ಮೋಡ ಕವಿಯುತ್ತದೆ. ಇಷ್ಟು ಚಿಕ್ಕ ನೆಲದೊಳಗೆ ಮರುಭೂಮಿಯಂಥ ಕರಾವಳಿಯೂ ಇದೆ, ಮೋಡದ ಕಾಡೂ ಇದೆ. ಗಾಳಿ ಗುಡ್ಡ ಏರುವಾಗ ತಣ್ಣಗಾಗಿ ತೇವ ಬಿಡುವುದೇ ಇದಕ್ಕೆ ಕಾರಣ.

ಇನ್ನೊಂದಿಷ್ಟು ಗುರುತುಗಳು ಮನುಷ್ಯರಿಂದ ಬಂದವು. 1502ರಲ್ಲಿ ಪೋರ್ಚುಗೀಸ್ ನಾವಿಕರು ಇಲ್ಲಿಗೆ ಬಂದಾಗ ದ್ವೀಪದಲ್ಲಿ ಯಾರೂ ಇರಲಿಲ್ಲ. 1659ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ನೆಲೆ ಹೂಡಿತು. ಇಂಗ್ಲಿಷ್ ವಲಸಿಗರು ಬಂದರು. ಮಡಗಾಸ್ಕರ್, ಆಫ್ರಿಕಾ, ಏಷ್ಯಾದಿಂದ ಗುಲಾಮರನ್ನು ತಂದರು. ಆಮೇಲೆ ಚೀನಾದ ಕೂಲಿಕಾರರು ಬಂದರು. 1840ರ ನಂತರ ಬ್ರಿಟಿಷ್ ನೌಕಾಪಡೆ ಗುಲಾಮರ ಹಡಗುಗಳನ್ನು ಹಿಡಿದಾಗ ಬಿಡುಗಡೆಯಾದ ಸಾವಿರಾರು ಆಫ್ರಿಕನ್ನರನ್ನು ಇಲ್ಲಿ ಇಳಿಸಿದರು. ಅವರಲ್ಲಿ ಬಹಳ ಜನ ರೋಗದಿಂದ ಇಲ್ಲೇ ಸತ್ತರು. ಇಂದಿನ ದ್ವೀಪವಾಸಿಗಳಲ್ಲಿ ಹೆಚ್ಚಿನವರು ಹೀಗೆ ಬೆರೆತ ಜನ. ಮಾತು ಇಂಗ್ಲಿಷ್.

ಗಮನಿಸಿ, ಸ್ಥಳದ ಬಗ್ಗೆ ಮಾತಾಡುತ್ತಲೇ ಚಲನೆಯ ವಿಷಯಕ್ಕೆ ಬಂದುಬಿಟ್ಟೆವು. ಯಾವ ಸ್ಥಳವೂ ತನ್ನಷ್ಟಕ್ಕೆ ತಾನೇ ಹೀಗಾಗಿರುವುದಿಲ್ಲ.

ಮನುಷ್ಯ ಮತ್ತು ಪರಿಸರ

ಪಠ್ಯಪುಸ್ತಕಗಳು ಇದನ್ನು ಮೂರು ಭಾಗ ಮಾಡುತ್ತವೆ. ಜನ ಪರಿಸರವನ್ನು ನೆಚ್ಚಿಕೊಳ್ಳುತ್ತಾರೆ, ಪರಿಸರಕ್ಕೆ ಹೊಂದಿಕೊಳ್ಳುತ್ತಾರೆ, ಪರಿಸರವನ್ನು ಬದಲಾಯಿಸುತ್ತಾರೆ. ತಪ್ಪೇನಿಲ್ಲ. ಆದರೆ ಬದಲಾದ ಪರಿಸರ ತಿರುಗಿ ಜನರನ್ನು ಬದಲಾಯಿಸುತ್ತದೆ ಅನ್ನುವ ಭಾಗ ಹೆಚ್ಚಾಗಿ ಬಿಟ್ಟುಹೋಗುತ್ತದೆ. ನಿಜವಾದ ಕಥೆ ಇರುವುದು ಅಲ್ಲೇ.

ಪೋರ್ಚುಗೀಸರು ಸೇಂಟ್ ಹೆಲೆನಾದಲ್ಲಿ ಮೇಕೆಗಳನ್ನು ಬಿಟ್ಟರು. ಮುಂದಿನ ಸಲ ಬಂದಾಗ ಮಾಂಸ ಸಿಗಲಿ ಅಂತ. ಅಲ್ಲಿನ ಗಿಡಮರಗಳು ಮೇಯುವ ಪ್ರಾಣಿಯನ್ನೇ ಕಂಡಿರಲಿಲ್ಲ. ಮೇಕೆಗಳು ಬೆಳೆದವು, ಎಳೆ ಸಸಿಗಳು ಉಳಿಯಲಿಲ್ಲ. ಆಮೇಲೆ ಬಂದವರು ಸೌದೆಗೆ ಮರ ಕಡಿದರು. ದ್ವೀಪದ ಈಶಾನ್ಯದಲ್ಲಿದ್ದ ದೊಡ್ಡ ಕಾಡು ಬೋಳು ಬಯಲಾಯಿತು. ಮಣ್ಣು ಕೊಚ್ಚಿಹೋಯಿತು. ಬೇರೆಲ್ಲೂ ಇಲ್ಲದ ಸೇಂಟ್ ಹೆಲೆನಾ ಆಲಿವ್ ಮರ 2003ರಲ್ಲಿ ಪೂರ್ತಿ ಅಳಿದುಹೋಯಿತು. ಇನ್ನೊಂದು ಕಡೆ, ಅಳಿದೇಹೋಯಿತು ಅಂದುಕೊಂಡಿದ್ದ ಅಲ್ಲಿನ ಎಬೊನಿಯ ಎರಡು ಗಿಡಗಳು 1980ರಲ್ಲಿ ಒಂದು ಬಂಡೆಯ ಮೇಲೆ ಸಿಕ್ಕವು. ಮೇಕೆಗಳಿಗೆ ಎಟುಕದ ಜಾಗ ಅದು. ಅವುಗಳಿಂದ ಮತ್ತೆ ಗಿಡ ಬೆಳೆಸಿದ್ದಾರೆ. 2000ದಿಂದ ಹಳೆಯ ಕಾಡಿದ್ದ ಕಡೆ ಸ್ಥಳೀಯ ಮರಗಳನ್ನು ನೆಡುವ ಕೆಲಸವೂ ನಡೆದಿದೆ.

ಇದನ್ನೇ ನೂರಾರು ಪಟ್ಟು ದೊಡ್ಡ ಅಳತೆಯಲ್ಲಿ ನೋಡಬೇಕಾದರೆ ಏರಲ್ ಸಮುದ್ರವಿದೆ. ಕಜಕಸ್ತಾನ ಮತ್ತು ಉಜ್ಬೇಕಿಸ್ತಾನದ ನಡುವಿನ ಈ ಉಪ್ಪುನೀರಿನ ಸರೋವರ 1960ರ ಹೊತ್ತಿಗೆ ವಿಸ್ತಾರದಲ್ಲಿ ಜಗತ್ತಿನ ನಾಲ್ಕನೇ ದೊಡ್ಡ ಸರೋವರ. ಅದಕ್ಕೆ ನೀರು ತರುತ್ತಿದ್ದುದು ಅಮು ದರ್ಯಾ ಮತ್ತು ಸಿರ್ ದರ್ಯಾ ನದಿಗಳು. ಸೋವಿಯತ್ ಸರ್ಕಾರ ಮರುಭೂಮಿಯಲ್ಲಿ ಹತ್ತಿ ಬೆಳೆಯಲು ಆ ನೀರನ್ನು ತಿರುಗಿಸಿತು. ಹತ್ತಿ ಬೆಳೆಯಿತು. ಸರೋವರ ಬತ್ತಿತು. ಮೊಯ್ನಾಕ್ ಅನ್ನುವ ಬಂದರು ನೀರಿನಿಂದ ಎಷ್ಟೋ ದೂರ ಉಳಿಯಿತು. ಮೀನುಗಾರಿಕೆ ನಿಂತಿತು. ಬಯಲಾದ ತಳದಿಂದ ಉಪ್ಪು, ಗೊಬ್ಬರ, ಕೀಟನಾಶಕ ಬೆರೆತ ದೂಳು ಎದ್ದು ಹೊಲಗಳ ಮೇಲೆ, ಜನರ ಶ್ವಾಸಕೋಶಕ್ಕೆ ಇಳಿಯಿತು. ದೊಡ್ಡ ನೀರಿನ ಆಸರೆ ತಪ್ಪಿದ್ದರಿಂದ ಸುತ್ತಲಿನ ಬೇಸಿಗೆ ಇನ್ನಷ್ಟು ಬಿಸಿಯಾಯಿತು, ಚಳಿಗಾಲ ಇನ್ನಷ್ಟು ಕೊರೆಯಿತು. 2005ರಲ್ಲಿ ಕಜಕಸ್ತಾನ ಒಂದು ಅಣೆಕಟ್ಟು ಕಟ್ಟಿ ಉತ್ತರದ ತುಂಡನ್ನು ಬೇರ್ಪಡಿಸಿತು. ಅಲ್ಲಿ ನೀರಿನ ಮಟ್ಟ ಏರಿ ಮೀನು ಮರಳಿತು. ದಕ್ಷಿಣದ ಬಹುಭಾಗ ಒಣಗಿಯೇ ಇದೆ.

ಇಲ್ಲಿ ಶಿಕ್ಷಕರು ಒಂದು ಕಡೆ ಎಚ್ಚರವಾಗಿರಬೇಕು. 'ಬಿಸಿ ದೇಶದ ಜನ ಸೋಮಾರಿಗಳು, ಚಳಿ ದೇಶದವರು ಚುರುಕು' ಎಂಬಂಥ ಮಾತು ಒಂದು ಕಾಲಕ್ಕೆ ಭೂಗೋಳದ ಹೆಸರಿನಲ್ಲೇ ಓಡಾಡಿತ್ತು. ಪರಿಸರವೇ ಮನುಷ್ಯನ ಹಣೆಬರಹ ಬರೆಯುತ್ತದೆ ಅನ್ನುವ ಈ ವಾದವನ್ನು ವಸಾಹತು ಆಳ್ವಿಕೆ ಸಮರ್ಥಿಸಲೂ ಬಳಸಿಕೊಂಡರು. ಪರಿಸರ ಹಲವು ದಾರಿಗಳನ್ನು ಮುಂದಿಡುತ್ತದೆ, ಆರಿಸಿಕೊಳ್ಳುವುದು ಸಮಾಜ ಅಂತ ಫ್ರಾನ್ಸಿನ ಭೂಗೋಳತಜ್ಞ ವಿದಾಲ್ ದ ಲಾ ಬ್ಲಾಶ್ ನೂರು ವರ್ಷಕ್ಕೂ ಹಿಂದೆ ವಾದಿಸಿದ. ಏರಲ್ ಬತ್ತಿದ್ದು ಮರುಭೂಮಿಯ ಕಾರಣಕ್ಕಲ್ಲ, ಒಂದು ಸರ್ಕಾರದ ಆಯ್ಕೆಯ ಕಾರಣಕ್ಕೆ. ನೆದರ್ಲೆಂಡ್ಸ್‌ನ ಕಾಲು ಭಾಗದಷ್ಟು ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿದ್ದೂ ಒಣಗಿ ನಿಂತಿರುವುದೂ ಆಯ್ಕೆಯಿಂದಲೇ.

ಏನು ಬರುತ್ತದೆ, ಏನು ಹೋಗುತ್ತದೆ?

ಚಲನೆ ಅಂದ ಕೂಡಲೇ ರಸ್ತೆ, ರೈಲು, ಹಡಗು ನೆನಪಾಗುತ್ತವೆ. ಸಾರಿಗೆ ಅದರ ಒಂದು ತುಂಡು ಮಾತ್ರ. ಜನ, ಸರಕು, ಸುದ್ದಿ, ನಂಬಿಕೆ, ರೋಗ, ಬೀಜ ಎಲ್ಲವೂ ಚಲಿಸುತ್ತವೆ. ಮನುಷ್ಯರ ಕೈವಾಡ ಇಲ್ಲದೆಯೂ ಚಲನೆ ನಡೆಯುತ್ತದೆ. ಸಹಾರಾ ಮರುಭೂಮಿಯ ದೂಳು ಗಾಳಿಯಲ್ಲಿ ಅಟ್ಲಾಂಟಿಕ್ ದಾಟಿ ಅಮೆಜಾನ್ ಕಾಡಿಗೆ ಬೀಳುತ್ತದೆ, ಅದರಲ್ಲಿನ ರಂಜಕ ಅಲ್ಲಿನ ಮರಗಳಿಗೆ ಗೊಬ್ಬರ.

ಆಲೂಗಡ್ಡೆಯ ಪಯಣ ಪಾಠಕ್ಕೆ ಚೆನ್ನಾಗಿ ಒದಗುತ್ತದೆ. ದಕ್ಷಿಣ ಅಮೆರಿಕದ ಆಂಡೀಸ್‌ನ ಗಡ್ಡೆ 16ನೇ ಶತಮಾನದಲ್ಲಿ ಯುರೋಪಿಗೆ ಬಂತು. ಐರ್ಲೆಂಡಿನ ಬಡವರು ಕ್ರಮೇಣ ಅದೊಂದನ್ನೇ ನೆಚ್ಚಿಕೊಂಡರು. 1845ರಲ್ಲಿ ಅಮೆರಿಕ ಖಂಡಗಳ ಕಡೆಯಿಂದಲೇ ಬಂದ ಅಂಗಮಾರಿ ರೋಗ ಬೆಳೆಯನ್ನು ಕೊಳೆಸಿತು. ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಜನ, ಇನ್ನೂ ಜಾಸ್ತಿಯೇ ಇರಬಹುದು, ಊರು ಬಿಟ್ಟು ಹೆಚ್ಚಾಗಿ ಅಮೆರಿಕದ ಹಾದಿ ಹಿಡಿದರು. ಮೊದಲು ಗಿಡ, ಆಮೇಲೆ ರೋಗ, ಆಮೇಲೆ ಜನ. ಮೂರೂ ಅದೇ ಸಾಗರ ದಾಟಿದವು.

ಸೇಂಟ್ ಹೆಲೆನಾದ್ದು ಇನ್ನೊಂದು ಬಗೆ. ಅಲ್ಲಿ ನ್ಯೂಜಿಲೆಂಡಿನಿಂದ ತಂದ ನಾರಿನ ಗಿಡ ಬೆಳೆಸಿದರು. 20ನೇ ಶತಮಾನದಲ್ಲಿ ಅದೇ ದ್ವೀಪದ ಮುಖ್ಯ ಉದ್ಯಮವಾಯಿತು. ಆ ನಾರಿನ ಹುರಿಯನ್ನು ಬ್ರಿಟನ್ನಿನ ಅಂಚೆ ಇಲಾಖೆ ಕಟ್ಟುಗಳನ್ನು ಕಟ್ಟಲು ಕೊಳ್ಳುತ್ತಿತ್ತು. 1960ರ ದಶಕದಲ್ಲಿ ಇಲಾಖೆ ಕೃತಕ ಹುರಿಗೆ ಬದಲಾಯಿತು. 1966ಕ್ಕೆ ದ್ವೀಪದ ನಾರಿನ ಉದ್ಯಮ ಮುಗಿಯಿತು. ಗಿರಣಿ ನಿಂತರೂ ಗಿಡ ನಿಲ್ಲಲಿಲ್ಲ. ಗುಡ್ಡಗಳಲ್ಲಿ ಹಬ್ಬಿ ಉಳಿದಿದ್ದ ಮೋಡದ ಕಾಡನ್ನೂ ಒತ್ತುತ್ತಿದೆ. ಲಂಡನ್ನಿನ ಕಚೇರಿಯಲ್ಲಾದ ಒಂದು ತೀರ್ಮಾನ, ನ್ಯೂಜಿಲೆಂಡಿನ ಒಂದು ಗಿಡ, ಅಟ್ಲಾಂಟಿಕ್ ನಡುವಿನ ಒಂದು ಗುಡ್ಡ. ಇದು ಚಲನೆಯ ಪಾಠವೋ ಪರಿಸರದ ಪಾಠವೋ ಅಂತ ವಿಂಗಡಿಸುತ್ತ ಕೂರುವುದರಲ್ಲಿ ಅರ್ಥವಿಲ್ಲ.

2017ರ ಅಕ್ಟೋಬರ್‌ವರೆಗೂ ದ್ವೀಪಕ್ಕೆ ನಿಯಮಿತ ವಿಮಾನ ಇರಲಿಲ್ಲ. ಕೇಪ್ ಟೌನ್‌ನಿಂದ ಹಡಗಿನಲ್ಲಿ ಐದಾರು ದಿನದ ಪಯಣ. ಆಮೇಲೆ ಜೊಹಾನ್ಸ್‌ಬರ್ಗ್‌ನಿಂದ ಕೆಲವೇ ಗಂಟೆಗಳ ಹಾರಾಟವಾಯಿತು. 2023ರಲ್ಲಿ ಸಮುದ್ರದಡಿಯ ಕೇಬಲ್ ಕೆಲಸ ಶುರುಮಾಡಿ ವೇಗದ ಇಂಟರ್ನೆಟ್ ಬಂತು. ಸಾಪೇಕ್ಷ ಸ್ಥಾನ ಮತ್ತೆ ಬದಲಾಯಿತು ನೋಡಿ.

ಯಾವುದರ ಜೊತೆ ಸೇರಿಸುವುದು?

ಐದರಲ್ಲಿ ಹೆಚ್ಚು ತಪ್ಪಾಗಿ ಅರ್ಥವಾಗುವುದು ಪ್ರದೇಶ. ಪ್ರದೇಶಗಳು ನೆಲದ ಮೇಲೆ ಮೊದಲೇ ಇರುತ್ತವೆ, ನಾವು ಕಲಿತುಕೊಂಡರಾಯಿತು ಅಂತ ಮಕ್ಕಳು ಭಾವಿಸುತ್ತಾರೆ. ಪ್ರದೇಶ ಅಂದರೆ ಯಾವುದೋ ಒಂದು ಗುಣ ಹಿಡಿದು ಜಾಗಗಳನ್ನು ಒಟ್ಟಿಗೆ ಸೇರಿಸಿ ನಾವು ಎಳೆಯುವ ಗೆರೆ. ಗುಣ ಬದಲಾದರೆ ಗೆರೆಯೂ ಬದಲು.

ಕೆಲವು ಪ್ರದೇಶಗಳು ಒಂದೇ ಗುಣ ಎಲ್ಲ ಕಡೆ ಇರುವಂಥವು. ಒಂದು ದೇಶ, ಒಂದು ಭಾಷೆಯ ನಾಡು, ಒಂದು ಬಗೆಯ ಹವಾಮಾನದ ವಲಯ. ಕೆಲವು ಒಂದು ಕೇಂದ್ರಕ್ಕೆ ಜೋಡಣೆಯಾದವು. ಒಂದು ನಗರ ಮತ್ತು ಅಲ್ಲಿಗೆ ದಿನಾ ಕೆಲಸಕ್ಕೆ ಬರುವ ಊರುಗಳು ಸೇರಿ ಇಂಥ ಒಂದು ಪ್ರದೇಶ. ಇಲ್ಲಿ ಎಲ್ಲ ಕಡೆ ಒಂದೇ ಗುಣ ಇರಬೇಕಿಲ್ಲ, ಕೊಡುಕೊಳ್ಳುವಿಕೆ ಇದ್ದರೆ ಸಾಕು. ಇನ್ನು ಕೆಲವು ಜನರ ಮನಸ್ಸಿನಲ್ಲಿರುವವು. 'ಮಧ್ಯಪ್ರಾಚ್ಯ' ಎಲ್ಲಿ ಶುರು, ಎಲ್ಲಿ ಕೊನೆ? ಹತ್ತು ಜನರಿಗೆ ನಕ್ಷೆ ಕೊಟ್ಟು ಗೆರೆ ಎಳೆಯಲು ಹೇಳಿದರೆ ಹತ್ತು ಬಗೆ ಬರುತ್ತದೆ. ಈಜಿಪ್ಟ್ ಕೆಲವರಿಗೆ ಒಳಗೆ, ಕೆಲವರಿಗೆ ಹೊರಗೆ. ಯಾರೂ ತಪ್ಪಲ್ಲ.

ಖಂಡಗಳಾದರೂ ಗಟ್ಟಿಯಾಗಿವೆಯಾ? ಯುರೋಪ್ ಮತ್ತು ಏಷ್ಯಾ ಒಂದೇ ನೆಲದ ರಾಶಿ. ಪ್ರಾಚೀನ ಗ್ರೀಕರಲ್ಲಿ ಹಲವರು ಡಾನ್ ನದಿಯನ್ನು ಗಡಿ ಅಂದುಕೊಂಡಿದ್ದರು. ಈಗ ನಾವು ಓದುವ ಉರಲ್ ಪರ್ವತದ ಗಡಿ 18ನೇ ಶತಮಾನದಲ್ಲಿ ರೂಢಿಗೆ ಬಂದದ್ದು.

ನಮ್ಮ ದ್ವೀಪವನ್ನು ಯಾವ ಪ್ರದೇಶಕ್ಕೆ ಸೇರಿಸುವುದು? ಆಡಳಿತ ನೋಡಿದರೆ ಬ್ರಿಟನ್ನಿನ ಸಾಗರೋತ್ತರ ಪ್ರಾಂತ್ಯ, ಅಸೆನ್ಷನ್ ಮತ್ತು ಟ್ರಿಸ್ಟನ್ ಡ ಕುನ್ಯಾ ಜೊತೆ ಸೇರಿದ್ದು. ವಿಶ್ವಸಂಸ್ಥೆಯ ಅಂಕಿಅಂಶ ವಿಭಾಗ ಇದನ್ನು ಪಶ್ಚಿಮ ಆಫ್ರಿಕಾದಲ್ಲಿ ಲೆಕ್ಕ ಹಾಕುತ್ತದೆ. ವಿಮಾನ ಬರುವುದು ದಕ್ಷಿಣ ಆಫ್ರಿಕಾದಿಂದ. ಜೀವವಿಜ್ಞಾನಿಗೆ ಇದು ಬೇರೆಲ್ಲೂ ಇಲ್ಲದ ಜೀವಿಗಳಿರುವ ಒಂಟಿ ಸಾಗರದ್ವೀಪಗಳ ಗುಂಪಿಗೆ ಸೇರಿದ್ದು. ನಾಲ್ಕೂ ಸರಿ. 'ಯಾವ ಪ್ರದೇಶ?' ಅಂತ ಕೇಳುವ ಮೊದಲು 'ಯಾವ ಕೆಲಸಕ್ಕೆ?' ಅಂತ ಕೇಳಬೇಕು.

ಐದರಲ್ಲಿ ಇಲ್ಲದ್ದು

ಈ ಐದು ವಿಷಯಗಳ ಮೇಲೆ ಆಕ್ಷೇಪಗಳೂ ಇವೆ, ಅವು ನ್ಯಾಯವಾದವೇ. ಕಾಲಕ್ಕೆ ಇಲ್ಲಿ ಬೇರೆ ಜಾಗವಿಲ್ಲ. ಮೇಲಿನ ಪ್ರತಿ ಉದಾಹರಣೆಯಲ್ಲೂ ಇಸವಿಗಳು ನುಸುಳಿದ್ದು ಅದಕ್ಕೇ, ಅವಿಲ್ಲದೆ ಕಥೆ ನಿಲ್ಲುವುದಿಲ್ಲ. ಅಳತೆಯ ಮಟ್ಟವೂ ಪಟ್ಟಿಯಲ್ಲಿಲ್ಲ. ಜಗತ್ತಿನ ನಕ್ಷೆಯಲ್ಲಿ ಸೇಂಟ್ ಹೆಲೆನಾ ಒಂದು ಚುಕ್ಕೆ, ಅಲ್ಲಿ ಹಡಗಿನ ದಾರಿ ಮಾತ್ರ ಕಾಣುತ್ತದೆ. ದ್ವೀಪದ ನಕ್ಷೆಯಲ್ಲಿ ಒಣ ಕರಾವಳಿ, ಹಸಿರು ಗುಡ್ಡ ಕಾಣುತ್ತವೆ. ಎಷ್ಟು ಹತ್ತಿರದಿಂದ ನೋಡುತ್ತೀರಿ ಅನ್ನುವುದರ ಮೇಲೆ ಪ್ರಶ್ನೆಯೇ ಬದಲಾಗುತ್ತದೆ. 1994ರಲ್ಲಿ ಅಮೆರಿಕದಲ್ಲೇ ಭೂಗೋಳಕ್ಕೆ 18 ಮಾನದಂಡಗಳ ದೊಡ್ಡ ಪಟ್ಟಿ ಬಂತು. ಅದು ಹೆಚ್ಚು ಪೂರ್ಣವಾದದ್ದು. ಆದರೂ ತರಗತಿಯಲ್ಲಿ ಐದೇ ಗಟ್ಟಿಯಾಗಿ ನಿಂತಿವೆ. ಪಾಠ ಮಾಡುತ್ತ ನಿಂತವರಿಗೆ ಬೆರಳಲ್ಲಿ ಎಣಿಸುವಷ್ಟು ಇದ್ದರೇ ಅನುಕೂಲ.

ಪಾಠ ಮಾಡುವವರಿಗೆ ಒಂದು ಸಲಹೆ: ಹೆಸರುಗಳನ್ನು ಕೊನೆಗೆ ಹೇಳಿ. ಮೊದಲು ಒಂದು ಸಂಗತಿ ಕೊಟ್ಟು ಮಕ್ಕಳಿಗೆ ಜಗಳ ಆಡಲು ಬಿಡಿ. ಉದಾಹರಣೆಗೆ ಇದು: ಸೇಂಟ್ ಹೆಲೆನಾದ ವಿಮಾನ ನಿಲ್ದಾಣ 2016ರಲ್ಲೇ ಸಿದ್ಧವಾಗಿತ್ತು, ಆದರೆ ರನ್‌ವೇ ಬಳಿ ಗಾಳಿಯ ದಿಕ್ಕು, ವೇಗ ಇದ್ದಕ್ಕಿದ್ದಂತೆ ಬದಲಾಗುತ್ತಿದ್ದುದರಿಂದ ನಿಯಮಿತ ವಿಮಾನ ಶುರುವಾಗಲು ಇನ್ನೊಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಇದು ಐದರಲ್ಲಿ ಯಾವುದಕ್ಕೆ ಸೇರುತ್ತದೆ? ಕಡಿದಾದ ಬಂಡೆಗೆ ಗಾಳಿ ಬಡಿಯುವುದರಿಂದ ಹಾಗಾಯಿತು, ಆದ್ದರಿಂದ ಸ್ಥಳ ಅಂತ ಒಬ್ಬರು ಹೇಳಬಹುದು. ಜನರ ಓಡಾಟದ ಮಾತು, ಆದ್ದರಿಂದ ಚಲನೆ ಅಂತ ಇನ್ನೊಬ್ಬರು. ಇಳಿಯಲು ಆಗದಿದ್ದರೆ ಹತ್ತಿರದಲ್ಲಿ ಬೇರೆ ದೊಡ್ಡ ನಿಲ್ದಾಣವಿಲ್ಲ, ದೂರದವರೆಗೆ ಹಾರುವಷ್ಟು ಇಂಧನ ಹೊತ್ತೇ ಬರಬೇಕು, ಆದ್ದರಿಂದ ಸ್ಥಾನ ಅಂತ ಮೂರನೆಯವರು. ಲಂಡನ್ ಆಳುವ ದ್ವೀಪಕ್ಕೆ ಜೊಹಾನ್ಸ್‌ಬರ್ಗ್‌ನಿಂದ ವಿಮಾನ ಯಾಕೆ ಅಂತ ಯಾರಾದರೂ ಕೇಳಿದರೆ ಪ್ರದೇಶದ ಮಾತೂ ಬಂತು. ಪರಿಸರದ ಬಗ್ಗೆ ಯಾರೂ ಬಾಯಿ ಬಿಡದಿದ್ದರೆ ಒಂದು ಸುಳಿವು ಕೊಡಿ: ಅಷ್ಟು ಉದ್ದದ ಸಮತಟ್ಟು ನೆಲ ಸಿಗದೆ, ರನ್‌ವೇಗಾಗಿ ಅಲ್ಲಿ ಒಂದು ಕಣಿವೆಯನ್ನೇ ಕಲ್ಲುಮಣ್ಣಿನಿಂದ ತುಂಬಿಸಿದ್ದಾರೆ.